ಹೆರಿಗೆ ಕೋಣೆಯ ಬಾಗಿಲಲ್ಲಿ ಯಾರೂ ಕೇಳದ ಪ್ರಶ್ನೆ

ಔರಾದ
8 ಜನವರಿ 2024

ಸಪ್ನಾ,

ನಿನ್ನ ಮನೆಯ ವಿಳಾಸ ನನ್ನ ಹತ್ತಿರ ಇಲ್ಲ. ಹಾಗಾಗಿ ಚಾನೆಲ್ಲಿನ ಆಫೀಸಿಗೆ, ‘ಬಿಳಿ ಕೋಟು ಧಾರಾವಾಹಿ ಬರೆಯುವ ಸಪ್ನಾ ಅವರಿಗೆ’ ಎಂದು ಬರೆದು ಹಾಕುತ್ತಿದ್ದೇನೆ. ಸೇರಿದರೆ ನಿನ್ನ ಗ್ರಹಚಾರ.

ನಾನು ಮುಸರ್ರತ. ಭಾಲ್ಕಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಿನ್ನ ಪಕ್ಕದಲ್ಲಿ ಕೂರುತ್ತಿದ್ದವಳು. ಈಗ ಔರಾದದ ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನ ನರ್ಸು. ಸಾಲೆಯ ವಾರ್ಷಿಕ ಗ್ಯಾದರಿಂಗಿಗೆ ನೀನು ಬರೆದ ನಾಟಕದಲ್ಲೂ ನಾನು ನರ್ಸೇ ಆಗಿದ್ದೆ. ಒಂದು ಮಾತೂ ಕೊಡದೆ ಕೈಗೆ ತಟ್ಟೆ ಕೊಟ್ಟು ನೀನು ನನ್ನನ್ನು ನಿಲ್ಲಿಸಿದ್ದೆ. ನಿನ್ನ ಧಾರಾವಾಹಿಯ ನರ್ಸುಗಳನ್ನು ನೋಡಿದರೆ ಅವರೂ ಇನ್ನೂ ಆ ತಟ್ಟೆ ಕೆಳಗಿಟ್ಟಿಲ್ಲ.

ನೀನು ಹೆಸರು ಮಾಡಿದ್ದಕ್ಕೆ ಸಂತೋಷ. ಅಷ್ಟು ಹೇಳಿ ಮುಗಿಸಿದೆ, ಈಗ ಬೈಗುಳ ಕೇಳು.

ನಿಮ್ಮ ಧಾರಾವಾಹಿಯ ಡಾಕ್ಟರ್ ಗೌರವ ಆಪರೇಶನ್ ಕೋಣೆಯಿಂದ ಹೊರಗೆ ಬಂದು ಕನ್ನಡಕ ತೆಗೆದರೆ ರೋಗಿ ಸತ್ತ ಎಂದೇ ಲೆಕ್ಕ. ನಮ್ಮ ಆಬೇದಾ ಮೇಡಂ ಇಲ್ಲಿನ ಹೆರಿಗೆ ಡಾಕ್ಟರು. ಈ ಚಳಿಗೆ ಮಾಸ್ಕು ಕಟ್ಟಿಕೊಂಡರೆ ಅವರ ಕನ್ನಡಕಕ್ಕೆ ಹಬೆ ಕಟ್ಟುತ್ತದೆ. ಹೋದ ವಾರ ಹೊರಗೆ ಬಂದವರು ಪಾಪ, ಸೆರಗಿನಿಂದ ಒರೆಸೋಣ ಎಂದು ಕನ್ನಡಕ ತೆಗೆದರು. ಅಷ್ಟೇ. ಒಳಗೆ ಹೆರಿಗೆಯಾದ ಹುಡುಗಿಯ ಅತ್ತೆ ನೆಲಕ್ಕೆ ಕೂತು ಎದೆ ಬಡಿದುಕೊಂಡಳು, ಮಾವ ಊರಿಗೆ ಫೋನು ಹಚ್ಚಿ ಎಲ್ಲರೂ ಹೊರಡಿ ಎಂದ. ಒಳಗೆ ಮೂರು ಕಿಲೋ ತೂಕದ ಗಂಡು ಕೂಸು ಆಸ್ಪತ್ರೆ ಹಾರಿಹೋಗುವ ಹಾಗೆ ಅಳುತ್ತಿದೆ. ಆ ಕೂಸನ್ನು ತಂದು ಮಡಿಲಿಗೆ ಹಾಕಿದ ಮೇಲೂ ಮುದುಕಿ, “ಹಂಗಂದ್ರ ಚಷ್ಮಾ ಯಾಕ ತಗದ್ರಿ?” ಎಂದು ಮೇಡಂ ಜೊತೆ ಜಗಳಕ್ಕೇ ನಿಂತಳು.

ಇದಕ್ಕೆ ನಾವೂ ನಕ್ಕೆವು. ಈಗ ಹೇಳುವುದಕ್ಕೆ ನಗು ಬರುವುದಿಲ್ಲ.

ಡಿಸೆಂಬರಿನಲ್ಲಿ ನೀನು ಒಂದು ದೃಶ್ಯ ಬರೆದೆ. ಡಾಕ್ಟರ್ ಗೌರವ ಹೊರಗೆ ಬಂದು ಗಂಡನನ್ನು ಕೇಳುತ್ತಾನೆ: ‘ಒಬ್ಬರನ್ನು ಮಾತ್ರ ಉಳಿಸಬಲ್ಲೆ. ತಾಯಿ ಬೇಕೋ, ಮಗು ಬೇಕೋ? ಬೇಗ ಹೇಳಿ.’ ಸಪ್ನಾ, ನಾನು ಈ ಕೆಲಸಕ್ಕೆ ಸೇರಿ ಹದಿನಾರು ವರ್ಷ ಆಯಿತು. ಈ ಪ್ರಶ್ನೆಯನ್ನು ಯಾವ ಡಾಕ್ಟರೂ ಯಾವ ಗಂಡನನ್ನೂ ಕೇಳಿದ್ದು ನಾನು ನೋಡಿಲ್ಲ. ನಾವು ಮೊದಲು ತಾಯಿಯ ಜೀವ ಹಿಡಿಯುತ್ತೇವೆ, ಜೊತೆಗೇ ಕೂಸಿನದ್ದೂ. ಯಾರ ಅಪ್ಪಣೆಯನ್ನೂ ಕೇಳುತ್ತ ನಿಲ್ಲುವುದಿಲ್ಲ.

ಇಲ್ಲಿ ಮಹಾನಂದಾ ಎಂಬ ಹುಡುಗಿ ಇದ್ದಾಳೆ. ಚೊಚ್ಚಲು, ಆರು ತಿಂಗಳು ತುಂಬಿವೆ. ಬಿಪಿ ಏರುತ್ತಿದೆ. ಹೀಗೇ ಏರಿದರೆ ಬೀದರದ ದೊಡ್ಡ ಆಸ್ಪತ್ರೆಗೆ ಕಳಿಸಿ ಅಲ್ಲಿಯೇ ಹೆರಿಗೆ ಮಾಡಿಸಬೇಕು ಎಂದು ಮೇಡಂ ಹೇಳಿದ್ದಾರೆ. ನಿನ್ನ ಆ ಕಂತು ಬಂದ ಮೇಲೆ ಹುಡುಗಿ ತಪಾಸಣೆಗೇ ಬರುತ್ತಿಲ್ಲ. ಆಶಾ ಕಾರ್ಯಕರ್ತೆ ಮನೆಗೆ ಹೋದರೆ, “ಔರಾದ ದವಾಖಾನಿಗೂ ಬರಂಗಿಲ್ಲ, ಬೀದರಕ್ಕೂ ಹೋಗಂಗಿಲ್ಲ. ಅಲ್ಲಿ ಟೀವ್ಯಾಗಿನಂಗ ಕೇಳ್ತಾರ” ಅಂದಳಂತೆ. ಬಿಪಿ ಏರಿ ಫಿಟ್ಸು ಬಂದರೆ ತಾಯಿಯೂ ಹೋಗುತ್ತಾಳೆ, ಕೂಸೂ ಹೋಗುತ್ತದೆ. ನೀನು ಬರೆದದ್ದನ್ನು ನೀನೇ ಸರಿಮಾಡು.

ಫೋನ್ ನಂಬರು ಬೇಕೆಂದೇ ಕೊಡುತ್ತಿಲ್ಲ. ಮಾತಿಗೆ ಬಿಟ್ಟರೆ ನೀನು ಎಂಥವರನ್ನೂ ಮರುಳು ಮಾಡುತ್ತೀ. ಬರೆದು ಉತ್ತರ ಕೊಡು.

ಸಿಟ್ಟಿನಿಂದ,
ಮುಸರ್ರತ


ಬೆಂಗಳೂರು
20 ಜನವರಿ 2024

ಏ ಮುಸರ್ರತ,

ನಿನ್ನ ಕಾಗದ ಹಿಡಿದುಕೊಂಡು ಆಫೀಸಿನ ಹುಡುಗರ ಎದುರಿಗೇ ಕುಣಿದುಬಿಟ್ಟೆ. ಇಷ್ಟು ವರ್ಷದ ಮೇಲೆ ಒಬ್ಬಳು ನನಗೆ ಕಾಗದ ಬರೆದಳು, ಅದೂ ಬೈಯುವುದಕ್ಕೆ! ಅಕ್ಷರ ಮಾತ್ರ ಹಾಗೇ ಇದೆ, ಔಷಧದ ಚೀಟಿಯ ಹಾಗೆ.

ನನ್ನ ಕಡೆಯ ಮಾತನ್ನೂ ಕೇಳು. ನಾನು ಒಬ್ಬಳೇ ಕೂತು ಬರೆಯುವುದಲ್ಲ ಇದು. ವಾರದ ಕೊನೆಗೆ ಜನ ಉಸಿರು ಹಿಡಿದುಕೊಂಡು ಸೋಮವಾರಕ್ಕೆ ಕಾಯುವಂಥದ್ದು ಏನಾದರೂ ಆಗಲೇಬೇಕು ಎನ್ನುವುದು ಚಾನೆಲ್ಲಿನ ನಿಯಮ. ನಮ್ಮ ಧಾರಾವಾಹಿಯ ಆಸ್ಪತ್ರೆಯ ಸೆಟ್ಟಿನಲ್ಲಿ ಇರುವುದು ಒಂದೇ ಕಾರಿಡಾರು. ಒಂದು ಗೋಡೆಗೆ ಹಸಿರು ಬಣ್ಣ, ಎದುರಿನ ಗೋಡೆಗೆ ನೀಲಿ. ಕ್ಯಾಮೆರಾ ಹಸಿರು ಕಡೆ ತಿರುಗಿದರೆ ಸರ್ಕಾರಿ ಆಸ್ಪತ್ರೆ, ನೀಲಿ ಕಡೆ ತಿರುಗಿದರೆ ಖಾಸಗಿ. ಹಸಿರು ಗೋಡೆಗೆ ಕಲಾ ವಿಭಾಗದವರು ಜೇಡರ ಬಲೆ ಅಂಟಿಸುತ್ತಾರೆ. ಅದನ್ನು ಅಂಗಡಿಯಿಂದ ಕೊಂಡು ತರುತ್ತಾರೆ ಅಂದರೆ ನಂಬುತ್ತೀಯಾ? ಹೃದಯದ ಬಡಿತ ತೋರಿಸುವ ಪೆಟ್ಟಿಗೆಯಲ್ಲಿ ಓಡುವುದು ಯಾವಾಗಲೂ ಒಂದೇ ಗೆರೆ. ನಮ್ಮಲ್ಲಿ ಮುದುಕ, ಮಗು, ಬಾಣಂತಿ ಎಲ್ಲರದ್ದೂ ಒಂದೇ ಹೃದಯ.

ತಾಯಿಯೋ ಮಗುವೋ ಎನ್ನುವ ಆ ಪ್ರಶ್ನೆ ಬರೆದವಳು ನಾನೇ. ನಾನು ನೋಡಿದ ಸಿನಿಮಾಗಳಲ್ಲೆಲ್ಲ ಡಾಕ್ಟರು ಹಾಗೇ ಕೇಳುತ್ತಿದ್ದರು, ನಾನೂ ಕೇಳಿಸಿದೆ. ಅದು ಸುಳ್ಳು ಇರಬಹುದು ಎಂದು ತಲೆಗೇ ಹೊಳೆಯಲಿಲ್ಲ. ಆ ವಾರ ನಮ್ಮನ್ನು ಅತಿ ಹೆಚ್ಚು ಜನ ನೋಡಿದರು. ಹಾಗಾಗಿ ಏಪ್ರಿಲ್‌ನಲ್ಲಿ ನಾಯಕಿಯ ಹೆರಿಗೆಗೂ ಅದೇ ಪ್ರಶ್ನೆ ಬೇಕು ಎಂದು ಚಾನೆಲ್ ಆಗಲೇ ಹೇಳಿ ಕೂತಿದೆ. ಬೇಡ ಎಂದು ಹೇಳಿನೋಡುತ್ತೇನೆ.

ಆದರೆ ಒಂದು ಮಾತು. ನೀನು ಆ ಹುಡುಗಿಯ ಬಿಪಿ ನೋಡುತ್ತಿದ್ದೀ, ನನಗೆ ಅವಳ ಮಾತು ಕೇಳಿಸುತ್ತಿದೆ. ಕೊಯ್ಯುತ್ತಾರೆ ಎಂದು ಅವಳು ಅಂದಿಲ್ಲ, ಸಾಯುತ್ತೇನೆ ಎಂದೂ ಅಂದಿಲ್ಲ. ‘ಕೇಳ್ತಾರ’ ಅಂದಿದ್ದಾಳೆ. ಟೀವಿಯನ್ನು ಯಾರೂ ಒಬ್ಬರೇ ಕೂತು ನೋಡುವುದಿಲ್ಲ ಮುಸರ್ರತ. ಅವತ್ತು ಅವಳ ಪಕ್ಕ ಯಾರು ಕೂತಿದ್ದರು, ಏನು ಮಾತಾಯಿತು, ವಿಚಾರಿಸು.

ತಟ್ಟೆಯ ವಿಷಯಕ್ಕೆ ಕ್ಷಮೆ ಇರಲಿ. ತಟ್ಟೆಯನ್ನು ಮಾತ್ರ ನೀನು ಚೆಂದ ಹಿಡಿದಿದ್ದೆ.

ಬೈಸಿಕೊಂಡರೂ ಹಿಗ್ಗಿರುವ,
ಸಪ್ನಾ


ಔರಾದ
2 ಫೆಬ್ರವರಿ 2024

ಸಪ್ನಾ,

ನೀನು ಹೇಳಿದ್ದು ನಿಜವಾಯಿತು. ಒಪ್ಪಿಕೊಳ್ಳುವುದು ಕಷ್ಟ, ಆದರೂ ಒಪ್ಪಿದೆ.

ನಾನೇ ಅವಳ ಮನೆಗೆ ಹೋದೆ. ಗಂಡ ಅಮರನಾಥ ಶಾಮಿಯಾನದ ವ್ಯಾಪಾರದವನು. ಮದುವೆ, ಸಭೆ, ಸಮಾರಂಭಕ್ಕೆ ಪೆಂಡಾಲು ಹಾಕುತ್ತಾನೆ. ಮನೆಯಲ್ಲಿ ಅವನ ತಾಯಿ ಗುರಮ್ಮ, ಇವಳು, ಮೂರೇ ಜನ. ಗುರಮ್ಮ ಚಹಾ ಇಡಲು ಒಳಗೆ ಹೋದ ಹೊತ್ತಿನಲ್ಲಿ ಹುಡುಗಿಯ ಬಾಯಿ ಬಿಡಿಸಿದೆ.

ಆ ಕಂತನ್ನು ಮೂವರೂ ಕೂಡಿ ನೋಡಿದ್ದರಂತೆ. ಗುರಮ್ಮ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು. ಡಾಕ್ಟರ್ ಗೌರವ ಆ ಪ್ರಶ್ನೆ ಕೇಳಿದ ಕೂಡಲೇ ಜಾಹೀರಾತು ಬಂತು. ಮಹಾನಂದಾ ಗಂಡನ ಕಡೆ ತಿರುಗಿ ಚೇಷ್ಟೆಗೆಂದು, “ನಿಮಗ ಕೇಳಿದ್ರ ಏನ್ ಹೇಳ್ತೀರಿ?” ಅಂದಳು.

“ಏನ್ ಹೇಳಿದ?” ಎಂದು ಕೇಳಿದೆ.

“ಏನೂ ಇಲ್ರಿ. ಸೋಪಿಂದು ಬಂತು, ಎಣ್ಣಿದು ಬಂತು, ಫೋನಿಂದು ಬಂತು. ಅಷ್ಟೂ ಮುಗಿಯೂ ತನಕ ಸುಮ್ಮ ಕೂತ್ರು. ಮತ್ತ ಧಾರಾವಾಹಿ ಸುರು ಆತು, ರಿಮೋಟ್ ತಗೊಂಡು ಆವಾಜ್ ಜೋರ್ ಮಾಡಿದ್ರು.”

ಇಷ್ಟು ಹೇಳಿ ಸೀರೆಯ ಅಂಚನ್ನು ತಿರುವುತ್ತ ಕೂತಳು. ನನಗೆ ಅವಳ ಗಂಡನ ಮೇಲೆ ಬಂದ ಸಿಟ್ಟು ಹೇಳತೀರದು.

ಅವಳ ಉಪಾಯ ಕೇಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ನಮ್ಮ ಕಡೆಯ ಪದ್ಧತಿ, ನಿನಗೆ ಗೊತ್ತಿದ್ದದ್ದೇ. ಅವಳ ತವರು ಭಾಲ್ಕಿ. ಸೀಮಂತದ ಕುಬುಸ ಮುಗಿದ ಮೇಲೆ ಅಪ್ಪ ಹಾವಗೆಪ್ಪ ಬಂದು ಕರೆದುಕೊಂಡು ಹೋಗುತ್ತಾನೆ. “ಅಲ್ಲಿ ಕೇಳಿದ್ರ ನಮ್ಮಪ್ಪಗ ಕೇಳ್ತಾರ್ರಿ. ನಮ್ಮಪ್ಪ ನನ್ ಮಗಳು ಬೇಕು ಅಂತಾನ. ಇಲ್ಲಿದ್ರ ಇವರಿಗಿ ಕೇಳ್ತಾರ. ಇವರು ಏನಂತಾರೋ ನನಗ ಗೊತ್ತಾಗೂದೇ ಬ್ಯಾಡ.”

ನಾನು ಅವಳ ಕೈ ಹಿಡಿದುಕೊಂಡು ಹೇಳಿದೆ: ಹುಚ್ಚಿ, ಯಾವ ಆಸ್ಪತ್ರೆಯಲ್ಲೂ ಯಾರೂ ಹಾಗೆ ಕೇಳುವುದಿಲ್ಲ, ಅದು ಟೀವಿಯವರು ಕಟ್ಟಿದ ಸುಳ್ಳು, ಬರೆದವಳು ನನ್ನ ಗೆಳತಿ. ಅವಳು ತಲೆ ಅಲ್ಲಾಡಿಸಿದಳು.

“ಇರಬಹುದು ಸಿಸ್ಟರ್. ದವಾಖಾನ್ಯಾಗ ಯಾರೂ ಕೇಳಂಗಿಲ್ಲ. ಆದ್ರ ನಾ ಕೇಳೀನಲ್ರಿ.”

ಬಿಪಿ ನೋಡಿದೆ, ಇನ್ನೂ ಏರಿದೆ. ಗುಳಿಗೆ ಕೊಟ್ಟೆ. ತಲೆ ಒಡೆದು ಹೋಗುವ ಹಾಗೆ ನೋವು ಬಂದರೆ, ಕಣ್ಣ ಮುಂದೆ ಮಿಂಚು ಹೊಡೆದ ಹಾಗಾದರೆ, ಯಾವ ಊರಿನಲ್ಲಿದ್ದರೂ ಎದ್ದು ಆಸ್ಪತ್ರೆಗೆ ಓಡಬೇಕು ಎಂದು ಹೇಳಿದೆ. ಗುರಮ್ಮನ ಚಹಾ ಕುಡಿದು ಬಂದೆ. ಒಳ್ಳೆಯ ಹೆಂಗಸು. ನಿನ್ನ ಧಾರಾವಾಹಿಯ ಅತ್ತೆಯರ ಹಾಗಿಲ್ಲ.

ಸಂಕಟದಲ್ಲಿರುವ,
ಮುಸರ್ರತ


ಬೆಂಗಳೂರು
13 ಫೆಬ್ರವರಿ 2024

ಮುಸರ್ರತ,

‘ಆದ್ರ ನಾ ಕೇಳೀನಲ್ರಿ.’ ಈ ಮಾತನ್ನು ಓದಿದ ಮೇಲೆ ಎರಡು ದಿನ ನನ್ನಿಂದ ಒಂದು ಪುಟವೂ ಬರೆಯಲಾಗಲಿಲ್ಲ.

ಮೀಟಿಂಗಿನಲ್ಲಿ ಆ ಪ್ರಶ್ನೆ ಬೇಡ ಎಂದೆ. ನಮ್ಮ ಮುಖ್ಯಸ್ಥರು ಮೊಬೈಲಿನಿಂದ ತಲೆ ಎತ್ತದೆಯೇ, “ಸರಿ, ಬೇಡ. ಅದಕ್ಕಿಂತ ಗಟ್ಟಿಯಾದದ್ದು ಕೊಡಿ” ಅಂದರು. ನನ್ನ ಹತ್ತಿರ ಇರಲಿಲ್ಲ. ನೀವು ದಿನವೂ ಮಾಡುವ ಕೆಲಸ, ಬಿಪಿ ನೋಡುವುದು, ಇಂಜೆಕ್ಷನ್ ಹಾಕುವುದು, ಬೇಗ ಬೇರೆ ಆಸ್ಪತ್ರೆಗೆ ಕಳಿಸುವುದು, ಇದರಿಂದಲೇ ಜೀವ ಉಳಿಯುತ್ತದೆ ಎಂದು ವಿವರಿಸಿದೆ. ಒಬ್ಬ ಆಕಳಿಸಿದ. ಒಳ್ಳೆಯ ಕೆಲಸ ನೋಡುವುದಕ್ಕೆ ಬೇಸರವಂತೆ. ಮಾರ್ಚ್ ಕೊನೆಯವರೆಗೆ ಗಡುವು ಕೊಟ್ಟಿದ್ದಾರೆ. ಅಷ್ಟರಲ್ಲಿ ಏನೂ ಹೊಳೆಯದಿದ್ದರೆ ಡಾಕ್ಟರ್ ಗೌರವ ಮತ್ತೆ ಅದನ್ನೇ ಕೇಳುತ್ತಾನೆ.

ಟೀವಿಯ ತಪ್ಪಿಗೆ ನಾನು ಹೊಣೆ, ಹೊತ್ತುಕೊಳ್ಳುತ್ತೇನೆ. ಆದರೆ ಆ ಜಾಹೀರಾತಿನ ಹೊತ್ತಿನ ಮೌನವನ್ನು ನಾನು ಬರೆದದ್ದಲ್ಲ. ಅದನ್ನು ಮುರಿಯಬೇಕಾದವನು ಒಬ್ಬನೇ. ಅವನನ್ನು ಕರೆಸು. ಸಿಟ್ಟು ಮಾಡದೆ ಮಾತಾಡು, ನಿನ್ನಿಂದ ಆದರೆ!

ದಾರಿ ಕಾಯುತ್ತಿರುವ,
ಸಪ್ನಾ


ಔರಾದ
6 ಮಾರ್ಚ್ 2024

ಸಪ್ನಾ,

ಇಬ್ಬರೂ ಉಳಿದರು! ಮೊದಲು ಇದನ್ನು ಬರೆದುಬಿಡುತ್ತೇನೆ. ನಿನ್ನ ಹಾಗೆ ಸೋಮವಾರದವರೆಗೆ ಕಾಯಿಸುವುದು ನನಗೆ ಬರುವುದಿಲ್ಲ.

ನಿನ್ನ ಕಾಗದ ಬಂದ ಮೇಲೆ ಅಮರನಾಥನನ್ನು ಆಸ್ಪತ್ರೆಗೆ ಕರೆಸಿದ್ದೆ. ಸಿಟ್ಟು ಮಾಡಲಿಲ್ಲ, ಮಾಡಿದರೂ ಸ್ವಲ್ಪವೇ. ನಿನ್ನ ಹೆಂಡತಿ ನಿನ್ನ ಉತ್ತರಕ್ಕೆ ಕಾಯುತ್ತಿದ್ದಾಳೆ, ಅದಕ್ಕೇ ಇಲ್ಲಿಗೆ ಬರಲು ಒಲ್ಲೆ ಅನ್ನುತ್ತಾಳೆ ಎಂದೆ. ಅವನು ಕುತ್ತಿಗೆ ತುರಿಸಿಕೊಂಡ, ನೆಲ ನೋಡಿದ, “ಆಯ್ತರಿ ಸಿಸ್ಟರ್” ಎಂದು ಹೊರಟುಹೋದ. ಕಲ್ಲಿನ ಜೊತೆ ಮಾತಾಡಿದ್ದರೂ ಇಷ್ಟು ಬೇಸರವಾಗುತ್ತಿರಲಿಲ್ಲ.

ಕುಬುಸವಾಯಿತು. ಮರುದಿನವೇ ಹಾವಗೆಪ್ಪ ಮಗಳನ್ನು ಭಾಲ್ಕಿಗೆ ಕರೆದೊಯ್ಯಲು ಹೊರಟ. ಔರಾದದ ಬಸ್‌ಸ್ಟ್ಯಾಂಡಿನಲ್ಲಿ ಕೂತಾಗ ಹುಡುಗಿ, “ಅಪ್ಪಾ, ತಲಿ ಒಡೀಲಾಕತ್ತದ, ಕಣ್ಣಿಗಿ ಮಿಂಚ್ ಹೊಡೀಲಾಕತ್ತದ” ಎಂದಳು. ನಾನು ಹೇಳಿದ್ದು ಅವಳಿಗೆ ನೆನಪಿತ್ತು. ಭಾಲ್ಕಿಯ ಬಸ್ಸು ಎದುರಿಗೇ ನಿಂತಿದೆ. ಹತ್ತಿದ್ದರೆ ನಾನು ಈ ಕಾಗದವನ್ನು ಬೇರೆ ರೀತಿ ಬರೆಯಬೇಕಾಗುತ್ತಿತ್ತು. ಅವಳು ಅಪ್ಪನ ತೋಳು ಹಿಡಿದುಕೊಂಡು ಆಟೊ ಹತ್ತಿ ನಮ್ಮಲ್ಲಿಗೆ ಬಂದಳು. ಬಂದವಳು ಮೊದಲು ಅಂದದ್ದು, “ಅವರಿಗಿ ಫೋನ್ ಮಾಡಬ್ಯಾಡ್ರಿ ಸಿಸ್ಟರ್.”

ಬಿಪಿ ಎಷ್ಟಿತ್ತು ಎಂದು ಬರೆಯುವುದಿಲ್ಲ, ನಿನಗೆ ನಿದ್ದೆ ಬರುವುದಿಲ್ಲ. ಆಬೇದಾ ಮೇಡಂ ಫಿಟ್ಸು ಬಾರದ ಹಾಗೆ ಇಂಜೆಕ್ಷನ್ ಕೊಡಿಸಿದರು, ಬೀದರಕ್ಕೆ ಫೋನು ಮಾಡಿ ಎಲ್ಲ ಸಿದ್ಧವಿಡಿ ಎಂದರು, ಆಂಬುಲೆನ್ಸು ತರಿಸಿದರು. ಓಡಾಟವಿಲ್ಲ, ಕಿರುಚಾಟವಿಲ್ಲ. ನಿಮ್ಮ ಧಾರಾವಾಹಿಯಲ್ಲಿ ಆಗಿದ್ದರೆ ಇಷ್ಟು ಹೊತ್ತಿಗೆ ಯಾರೋ ಒಬ್ಬರು ಗಾಜು ಒಡೆದಿರುತ್ತಿದ್ದರು. ನಾನೂ ಆಂಬುಲೆನ್ಸಿನಲ್ಲಿ ಹೋದೆ. ಸುದ್ದಿ ತಿಳಿದು ಓಡಿಬಂದ ಗುರಮ್ಮ ಸೊಸೆಯ ಕಾಲು ತಿಕ್ಕುತ್ತ ಕೂತಳು. ಹಾವಗೆಪ್ಪ ಮುಂದಿನ ಸೀಟಿನಲ್ಲಿ ಕೈ ಮುಗಿದುಕೊಂಡೇ ಇದ್ದ.

ಅಮರನಾಥ ಅವತ್ತು ಜನವಾಡದಲ್ಲಿ ಮದುವೆಯ ಪೆಂಡಾಲು ಕಟ್ಟುತ್ತಿದ್ದ. ಅವಳು ಬೇಡ ಅಂದರೂ ಗುರಮ್ಮ ಬಿಡುತ್ತಾಳೆಯೇ, ಫೋನು ಮಾಡಿದ್ದಳು. ಜನವಾಡ ದಾಟುವಾಗ ನೋಡುತ್ತೇನೆ, ರಸ್ತೆ ಬದಿಗೆ ಬೈಕು ಚಾಲೂ ಇಟ್ಟುಕೊಂಡು ನಿಂತಿದ್ದಾನೆ. ಅಲ್ಲಿಂದ ಬೀದರದವರೆಗೆ ಹಿಂದಿನ ಕಿಟಕಿಯಲ್ಲಿ ಅವನ ಮುಖ ಕಾಣುತ್ತಲೇ ಇತ್ತು. ಮಹಾನಂದಾ ಮಾತ್ರ ಆ ಕಡೆ ತಲೆ ತಿರುಗಿಸಲಿಲ್ಲ.

ಬೀದರದಲ್ಲಿ ಆಪರೇಶನ್ ಕೋಣೆಯ ಹೊರಗೆ ಅವಳನ್ನು ಸ್ಟ್ರೆಚರಿನಲ್ಲಿ ಮಲಗಿಸಿದ್ದೆವು. ಕಾರಿಡಾರಿನ ತುಂಬ ಜನ. ಬಾಗಿಲು ತೆರೆದು ಹಸಿರು ಟೊಪ್ಪಿಗೆಯ ಡಾಕ್ಟರು ಹೊರಗೆ ಬಂದು, “ಮಹಾನಂದಾ ಮನಿಯವರು ಯಾರ್ರಿ?” ಎಂದರು. ಅವಳು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. ಎರಡೂ ಕೈಯಿಂದ ಕಿವಿ ಮುಚ್ಚಲು ಹೋದಳು, ಒಂದು ಕೈಗೆ ಸಲೈನು ಹಚ್ಚಿತ್ತು.

ಅಮರನಾಥ ಮುಂದೆ ನುಗ್ಗಿದ. ಪೆಂಡಾಲಿನ ಆ ತುದಿಯಲ್ಲಿ ಹಗ್ಗ ಹಿಡಿದವನಿಗೆ ಈ ತುದಿಯಿಂದ ಕೂಗುವ ಗಂಟಲು ಅವನದು. ಕಾರಿಡಾರೆಲ್ಲ ಅದುರುವ ಹಾಗೆ ಕೂಗಿದ.

“ಡಾಕ್ಟರ್ ಸಾಹೇಬ್ರ, ನೀವು ಕೇಳೂದೇ ಬ್ಯಾಡ್ರಿ! ನನಗ ನನ್ನ ಹೆಂಡ್ತಿ ಬೇಕು! ಮಹಾನಂದಾ ಬೇಕು! ಯಾರ್ ಕೇಳಿದ್ರೂ ಇದೇ ಹೇಳ್ತೇನಿ, ಯಾವಾಗ ಕೇಳಿದ್ರೂ ಇದೇ ಹೇಳ್ತೇನಿ!”

ಕಾರಿಡಾರಿನವರೆಲ್ಲ ಇತ್ತ ತಿರುಗಿದರು. ಡಾಕ್ಟರು ಅವನನ್ನೇ ನೋಡಿದರು.

“ನಾ ಏನ್ ಕೇಳಿದ್ನಪಾ? ನಿನ್ ಹೆಂಡ್ತಿ ಮುಂಜಾನಿಂದ ಏನರ ಉಂಡಾಳೇನು ಅಂತ ಕೇಳಾಕ ಬಂದೀನಿ.”

ಗುರಮ್ಮ ಮಗನ ಬೆನ್ನಿಗೆ ಒಂದು ಬಿಟ್ಟಳು. “ಮೂಳಾ! ಇದನ್ನ ಮನ್ಯಾಗ ಹೇಳಬೇಕಿಲ್ಲೇನೋ? ಊರ ಮಂದಿ ಮುಂದ ಒದರ್ಲಾಕತ್ತಿ!”

“ಮನ್ಯಾಗ ನೀ ಇದ್ದೆಲ್ಲವ್ವಾ,” ಎಂದ. ದನಿ ಈಗ ಪಾತಾಳಕ್ಕೆ ಇಳಿದಿತ್ತು. “ನಿನ್ ಮುಂದ ಹೆಂಡ್ತಿ ಬೇಕು ಅಂತ ಹ್ಯಾಂಗ ಹೇಳಲಿ? ನಾಚಿಕಿ ಬಂತು. ಅದಕ್ಕೇ ಆವಾಜ್ ಜೋರ್ ಮಾಡಿದ್ನಿ.”

ಸಪ್ನಾ, ಇಷ್ಟೇ ಕಥೆ! ನಾಚಿಕೆ! ಆ ಮೌನದಲ್ಲಿ ಇದ್ದದ್ದು ಬರೀ ನಾಚಿಕೆ. ನಾನು ಅವನನ್ನು ಕಲ್ಲು ಅಂದುಕೊಂಡಿದ್ದೆ, ಅವಳು ಏನೇನೋ ಅಂದುಕೊಂಡು ತಪಾಸಣೆ ಬಿಟ್ಟಿದ್ದಳು. ಕಾರಿಡಾರಿನಲ್ಲಿದ್ದವರೆಲ್ಲ ನಗಲು ಶುರುಮಾಡಿದರು. ನನಗೆ ಮಾತ್ರ ಅಳು ಬಂತು. ಸ್ಟ್ರೆಚರ್ ಒಳಗೆ ತಳ್ಳುವಾಗ ಮಹಾನಂದಾಳ ಮುಖ ನೋಡಿದೆ. ಕಣ್ಣು ಒದ್ದೆ, ತುಟಿ ಬಿಗಿ ಹಿಡಿದಿದ್ದಾಳೆ. ಆಪರೇಶನ್ನಿಗೆ ಹೋಗುವ ಹೆಂಗಸು ನಗು ತಡೆಯಲು ಅಷ್ಟು ಒದ್ದಾಡಿದ್ದನ್ನು ನಾನು ಇದೇ ಮೊದಲು ಕಂಡದ್ದು.

ಹೆಣ್ಣು ಕೂಸು. ದಿನ ತುಂಬುವ ಮೊದಲೇ ಬಂದದ್ದಕ್ಕೆ ಸಣ್ಣದಿತ್ತು, ಸ್ವಲ್ಪ ದಿನ ನವಜಾತ ಶಿಶುಗಳ ಕೋಣೆಯಲ್ಲಿ ಇಟ್ಟುಕೊಂಡರು. ಈಗ ಹಾಲು ಕುಡಿಯುತ್ತಿದೆ. ತಾಯಿಯ ಬಿಪಿ ಇಳಿದಿದೆ.

ಆ ಪ್ರಶ್ನೆಯನ್ನು ಇಷ್ಟು ದಿನ ಶಪಿಸಿದವಳು ನಾನು. ಅದಿಲ್ಲದಿದ್ದರೆ ಅವನು ಈ ಜನ್ಮದಲ್ಲಿ ಬಾಯಿ ಬಿಡುತ್ತಿರಲಿಲ್ಲವೇನೋ ಎಂದೂ ಈಗ ಅನ್ನಿಸುತ್ತಿದೆ. ಹಾಗೆಂದು ನಿನ್ನ ತಪ್ಪು ಮಾಫಿ ಆಗಲಿಲ್ಲ.

ಕುಣಿಯುವಷ್ಟು ಖುಷಿಯಲ್ಲಿರುವ,
ಮುಸರ್ರತ


ಬೆಂಗಳೂರು
18 ಮಾರ್ಚ್ 2024

ಮುಸರ್ರತ,

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ, ಆಮೇಲೆ ಅತ್ತೆ. ನನ್ನ ಬಾಯಿ ತಡೆಯಲಿಲ್ಲ, ಹೆಸರು ಊರು ಏನೂ ಹೇಳದೆ ಮೀಟಿಂಗಿನಲ್ಲಿ ಇದನ್ನು ಹೇಳಿಬಿಟ್ಟೆ. ಅಮರನಾಥ ಕೂಗಿದ ಹಾಗೆ ಕೂಗಿಯೂ ತೋರಿಸಿದೆ. ಮುಖ್ಯಸ್ಥರು ಮೊಬೈಲು ಮೇಜಿನ ಮೇಲಿಟ್ಟರು. ಆಕಳಿಸಿದವನು ಕಣ್ಣು ಒರೆಸಿಕೊಂಡ. “ಪ್ರಶ್ನೆ ಬೇಡ, ಇದು ಬೇಕು” ಅಂದರು.

ಅವರಿಬ್ಬರ ಒಪ್ಪಿಗೆ ಸಿಗುವವರೆಗೆ ಒಂದು ಅಕ್ಷರ ಬರೆಯುವುದಿಲ್ಲ. ಕೇಳಿ ತಿಳಿಸು. ಬೇಡ ಅಂದರೆ ಬೇಡ, ಚಾನೆಲ್ಲಿಗೆ ನಾನು ಉತ್ತರ ಕೊಟ್ಟುಕೊಳ್ಳುತ್ತೇನೆ. ಹೂಂ ಅಂದರೆ ಒಂದು ಮಾತು ಕೊಡುತ್ತೇನೆ. ಆ ಕಂತಿನಲ್ಲಿ ನರ್ಸು ಮಾತಾಡುತ್ತಾಳೆ, ಆಂಬುಲೆನ್ಸಿನಲ್ಲಿ ಕೂರುತ್ತಾಳೆ, ಡಾಕ್ಟರ್ ಗೌರವನಿಗಿಂತ ಮೊದಲು ಅವಳೇ ಬಿಪಿ ಹಿಡಿಯುತ್ತಾಳೆ. ಮತ್ತು ಹಸಿರು ಗೋಡೆಯ ಜೇಡರ ಬಲೆ ತೆಗೆಸುತ್ತೇನೆ.

ಉಸಿರು ಹಿಡಿದುಕೊಂಡಿರುವ,
ಸಪ್ನಾ


ಔರಾದ
26 ಮಾರ್ಚ್ 2024

ಸಪ್ನಾ,

ಕೇಳಿದೆ. ಅಮರನಾಥ, “ಆಕಿ ಹೂಂ ಅಂದ್ರ ನಂದೂ ಹೂಂ” ಎಂದು ಎದ್ದು ಹೊರಗೆ ಹೋದ. ಮಹಾನಂದಾ ಹೂಂ ಅಂದಳು, ಒಂದೇ ಷರತ್ತು: “ನಮ್ಮತ್ತಿನ್ನ ಕೆಟ್ಟಾಕಿ ಮಾಡಬ್ಯಾಡ್ರಿ.” ಅತ್ತೆ ಪಕ್ಕದಲ್ಲೇ ಕೂತಿದ್ದಳು. “ಮಾಡಿದ್ರ ಮಾಡ್ಲಿ ಬಿಡು, ಟೀವ್ಯಾಗರ ಬರ್ತೇನಿ” ಎಂದಳು.

ಅವಸರದಲ್ಲಿ,
ಮುಸರ್ರತ


ಔರಾದ
20 ಜೂನ್ 2024

ಪ್ರೀತಿಯ ಸಪ್ನಾ,

ಮತ್ತೆ ಬೈಯಲು ಬರೆಯುತ್ತಿದ್ದೇನೆ.

ನಿನ್ನ ಆ ಕಂತು ಬಂದ ದಿನ ವಾರ್ಡಿನ ಕೆಲಸ ಮುಗಿಸಿ ಗುರಮ್ಮನ ಮನೆಯಲ್ಲೇ ಕೂತು ನೋಡಿದೆ. ಗಂಡ ಕೂಗುವ ದೃಶ್ಯ ಬಂದಾಗ ಅಮರನಾಥ ತಲೆಯ ಮೇಲೆ ಟವೆಲು ಹಾಕಿಕೊಂಡ. ಡಾಕ್ಟರ್ ಗೌರವ, ‘ಆಸ್ಪತ್ರೆಯಲ್ಲಿ ಯಾರೂ ಇದನ್ನು ಕೇಳುವುದಿಲ್ಲ, ನಾವು ಇಬ್ಬರನ್ನೂ ಉಳಿಸಲು ನೋಡುತ್ತೇವೆ. ನಿಮಗೆ ಹೇಳಿದವರು ಯಾರು, ಟೀವಿಯವರಾ?’ ಎಂದ ಕೂಡಲೇ ಓಣಿಯ ಮನೆಮನೆಯಿಂದ ನಗು ಕೇಳಿಸಿತು. ನಿನ್ನ ನರ್ಸು ಚೆನ್ನಾಗಿದ್ದಾಳೆ. ಬಿಪಿ ನೋಡುವ ಪಟ್ಟಿಯನ್ನು ತಲೆಕೆಳಗಾಗಿ ಕಟ್ಟಿದ್ದನ್ನು ಈ ಸಲಕ್ಕೆ ಬಿಟ್ಟಿದ್ದೇನೆ.

ಈಗ ಅನುಭವಿಸುತ್ತಿರುವವರು ನಾವು. ಹೆರಿಗೆ ಕೋಣೆಯ ಬಾಗಿಲಿಗೆ ಬಂದ ಗಂಡಸರೆಲ್ಲ ಕೂಗಲು ಹಿಡಿದಿದ್ದಾರೆ! ಆಬೇದಾ ಮೇಡಂ ಹೊರಗೆ ಮುಖ ಹಾಕಿದರೆ ಸಾಕು, “ನನಗ ನನ್ನ ಹೆಂಡ್ತಿ ಬೇಕ್ರಿ!” ಬಿಸಿನೀರು ಕೇಳಲು ಹೋದರೂ ಅದೇ, ಕೂಸಿನ ಬಟ್ಟೆ ಕೇಳಲು ಹೋದರೂ ಅದೇ. “ನಾ ಕೇಳಿಲ್ರಿ, ಯಾರೂ ಕೇಳಂಗಿಲ್ರಿ” ಎಂದು ಮೇಡಂ ಗಂಟಲು ಹರಿದುಕೊಳ್ಳುತ್ತಾರೆ. ಕೂಗಬಾರದು ಎಂದು ಒಂದು ಫಲಕ ಬರೆಸೋಣವೇ ಎಂದು ನನ್ನನ್ನು ಕೇಳಿದರು. ಬೇಡ ಎಂದೆ.

ಯಾಕೆಂದರೆ ಈ ಕೂಗು ಒಳಗೆ ಮಲಗಿದವರಿಗೂ ಕೇಳಿಸುತ್ತದೆ ಸಪ್ನಾ. ಬೀದರಕ್ಕೆ ಕಳಿಸುತ್ತೇವೆ ಎಂದರೆ ಈಗ ಹುಡುಗಿಯರು ಮಂಚದ ಕಂಬಿ ಹಿಡಿದುಕೊಂಡು ಅಳುವುದು ಕಡಿಮೆಯಾಗಿದೆ. ತಪಾಸಣೆಗೆ ಗಂಡನನ್ನೂ ಎಳೆದುಕೊಂಡು ಬರುತ್ತಾರೆ.

ಇವತ್ತು ಒಬ್ಬ ಗೌಂಡಿ ಬಂದಿದ್ದ. ಕೈಗೆಲ್ಲ ಸಿಮೆಂಟು, ತಲೆ ಎತ್ತಿ ಮಾತಾಡುವವನಲ್ಲ. ಅವನ ಹೆಂಡತಿಗೆ ಇದು ಮೂರನೆಯದು. ಮೇಡಂ ಹೊರಗೆ ಬಂದಾಗ ಅವನು ಗೋಡೆಗೆ ಮುಖ ಮಾಡಿಕೊಂಡು, ಕಣ್ಣು ಮುಚ್ಚಿ, “ನನಗ ನನ್ನ ಹೆಂಡ್ತಿ ಬೇಕು” ಎಂದುಬಿಟ್ಟ. ಒಳಗೆ ಅವಳು ನನ್ನ ಕೈ ಹಿಂಡುತ್ತಿದ್ದಳು. “ಯಾರ್ ಗಂಡರಿ ಅದು?” ಎಂದಳು. ನಿಂದೇ ಎಂದೆ. ನೋವಿನಲ್ಲೂ ಅವಳ ಮುಖ ಹೇಗಾಯಿತು ಎಂಬುದು ನಿನ್ನ ಯಾವ ಕ್ಯಾಮೆರಾಗೂ ಸಿಗುವುದಿಲ್ಲ. “ಇನ್ನೊಮ್ಮೆ ಹೇಳಂತ ಹೇಳ್ರಿ ಸಿಸ್ಟರ್” ಎಂದಳು. ನಾನು ಬಾಗಿಲಿಗೆ ಹೋಗಿ ಹೇಳಿದೆ. ಅವನು ಇನ್ನೊಮ್ಮೆ ಹೇಳಿದ, ಈ ಸಲ ಗೋಡೆ ಬಿಟ್ಟು ಬಾಗಿಲ ಕಡೆ ತಿರುಗಿ.

ಇವತ್ತು ಗುರುವಾರ, ಕೂಸುಗಳಿಗೆ ಲಸಿಕೆ ಹಾಕುವ ದಿನ. ಮಹಾನಂದಾ ಮಗಳನ್ನು ಎತ್ತಿಕೊಂಡು ಕಾರಿಡಾರಿನಲ್ಲೇ ಕೂತಿದ್ದಳು, ಪಕ್ಕದಲ್ಲಿ ಅಮರನಾಥ ಕೂಸಿನ ಟೊಪ್ಪಿಗೆ ಹಿಡಿದುಕೊಂಡಿದ್ದ. ಕೂಗು ಕೇಳಿ ಅವನು ಎದ್ದು ಓಡಿಹೋಗಲು ನೋಡಿದ. ಅವಳು ಅವನ ಅಂಗಿ ಹಿಡಿದು ಕೂರಿಸಿದಳು. ಗೌಂಡಿಯನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, ನನ್ನ ಕಡೆ ತಿರುಗಿ, ಇಡೀ ಕಾರಿಡಾರಿಗೆ ಕೇಳುವ ಹಾಗೆ ಅಂದಳು:

“ನಮ್ಮವರು ಒದರಿದ್ದು ಇದಕ್ಕಿಂತ ಜೋರಿತ್ತಲ್ರಿ ಸಿಸ್ಟರ್?”

ಎಷ್ಟೋ ಜೋರಿತ್ತು ಎಂದೆ.

ನಿನ್ನ ಬೆಂಚಿನ ಗೆಳತಿ,
ಮುಸರ್ರತ